ಓಟ್ಸ್ ಬದಲು ರಾಗಿ ಹುರಿಹಿಟ್ಟು: ಮಲೆನಾಡಿಗೆ ಒಗ್ಗುವ ಕ್ರ್ಯಾನಕನ್

ಕ್ರ್ಯಾನಕನ್ ಸ್ಕಾಟ್ಲೆಂಡಿನ ಸುಗ್ಗಿಕಾಲದ ಸಿಹಿ. ಹುರಿದ ಓಟ್ಸ್, ಕಡೆದ ಕೆನೆ, ಜೇನುತುಪ್ಪ, ರಾಸ್ಪ್‌ಬೆರಿ ಮತ್ತು ವಿಸ್ಕಿ ಅದರ ಮೂಲ ಸಾಮಗ್ರಿಗಳು. ಶಿವಮೊಗ್ಗ, ಭದ್ರಾವತಿಯ ಅಡುಗೆಮನೆಗಳಲ್ಲಿ ಓಟ್ಸ್ ಬದಲು ರಾಗಿ ಹುರಿಹಿಟ್ಟನ್ನೂ, ರಾಸ್ಪ್‌ಬೆರಿ ಬದಲು ಮಲೆನಾಡಿನ ಅನಾನಸ್ಸನ್ನೂ ಬಳಸಬಹುದು. ವಿಸ್ಕಿ ಬೇಕಿಲ್ಲ.

ಹಸಿ ಅನಾನಸ್ ಬೆರೆಸಿದರೆ ಖಾದ್ಯ ಕಹಿಯಾಗುತ್ತದೆ. ಹಣ್ಣಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವವು ಹಾಲಿನ ಪ್ರೋಟೀನನ್ನು ಒಡೆಯುವುದೇ ಇದಕ್ಕೆ ಕಾರಣ. ಕುದಿಸಿದಾಗ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಆದ್ದರಿಂದ 1 ಬಟ್ಟಲು ಹೋಳುಗಳನ್ನು 2 ಚಮಚ ಬೆಲ್ಲದೊಡನೆ ಕುದಿಸಿ, ಪೂರ್ತಿ ತಣಿಸಿಕೊಳ್ಳಿ.

ಕೆನೆಯಲ್ಲಿ ಶೇ. 30ಕ್ಕೂ ಹೆಚ್ಚು ಕೊಬ್ಬಿರಬೇಕು, ಶೇ. 25ರ ಕೆನೆ ಎಷ್ಟು ಕಡೆದರೂ ಉಬ್ಬದು. ನಮ್ಮ ಬೇಸಗೆಯಲ್ಲಿ ಪಾತ್ರೆಯನ್ನೂ ಫ್ರಿಜ್ಜಿನಲ್ಲಿಟ್ಟು ತಣಿಸುವುದು ಒಳಿತು. ಪಾಶ್ಚರೀಕರಿಸಿದ 200 ಮಿ.ಲೀ. ಕೆನೆಯನ್ನು ಮೃದುವಾಗಿ ನಿಲ್ಲುವಷ್ಟು ಮಾತ್ರ ಕಡೆಯಿರಿ, ಮೀರಿದರೆ ಬೆಣ್ಣೆ ಬಿಡುತ್ತದೆ (ಅದೇನೂ ನಷ್ಟವಲ್ಲ, ರೊಟ್ಟಿಗಾಯಿತು!). ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 100 ಗ್ರಾಂ ಮೊಸರು ಮತ್ತು 2 ಚಮಚ ಜೇನುತುಪ್ಪವನ್ನು ಇದಕ್ಕೆ ಬೆರೆಸಿ. ಸ್ಕಾಟ್ಲೆಂಡಿನಲ್ಲಿಯೂ ಕೆಲವರು ಕ್ರೌಡಿ ಎಂಬ ಮೆದು ಗಿಣ್ಣನ್ನು ಸೇರಿಸುತ್ತಾರೆ.

ಹುರಿಹಿಟ್ಟು ತರಿತರಿಯಾಗಿರಲಿ. ನುಣ್ಣನೆಯ ಹಿಟ್ಟು ಬೇಗ ತೇವ ಹೀರಿ ಅಂಟಾಗುತ್ತದೆ. ಬಡಿಸುವ ಹೊತ್ತಿಗೆ ಸರಿಯಾಗಿ ಕೆನೆ, ಹಣ್ಣು, 4 ಚಮಚ ಹುರಿಹಿಟ್ಟನ್ನು ಪದರಪದರವಾಗಿ ಹಾಕಿ.

ಜೇನುತುಪ್ಪ ಇರುವುದರಿಂದ ಒಂದು ವರ್ಷ ತುಂಬದ ಮಕ್ಕಳಿಗೆ ಇದನ್ನು ಕೊಡಬಾರದು. ಸ್ವಸಹಾಯ ಸಂಘಗಳು ಮಾರಾಟ ಮಾಡುವುದಾದರೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. ಹುರಿಹಿಟ್ಟನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕೊಟ್ಟರೆ ಅದು ಗರಿಗರಿಯಾಗಿಯೇ ಗ್ರಾಹಕರ ಮನೆ ಸೇರುತ್ತದೆ.