ಆರೆಯ ಚಳಿಯಲ್ಲಿ ಒಂದು ಫೋಟೊ

ಮುಂಬೈಯಲ್ಲಿ ಚಳಿಯೇ ಇಲ್ಲ ಎನ್ನುವವರು ಜನವರಿಯ ನಸುಕಿನಲ್ಲಿ ಜೋಗೇಶ್ವರಿ ಪಕ್ಕದ ಆರೆ ಕಾಲನಿಗೆ ಬರಬೇಕು. ಮರಗಳ ನಡುವೆ ಚಳಿ ಕಚ್ಚುತ್ತದೆ. ನಿಶ್ಚಿತಾರ್ಥವಾಗಿದ್ದ ಕಾಕಾನ ಮಗಳು ಮತ್ತು ಅವಳ ಮರಾಠಿ ಹುಡುಗನ ಫೋಟೊ ತೆಗೆಯಲು ಅಲ್ಲಿಗೆ ಹೋಗಿದ್ದೆವು.

ಸೂರ್ಯ ಹುಟ್ಟುವುದು ಏಳೂಕಾಲರ ಹೊತ್ತಿಗೆ. ಮಂದ ಬೆಳಕಿಗೆಂದು ಶಟರ್ ನಿಧಾನ ಮಾಡಿದರೆ, ರೇಷ್ಮೆ ಸೀರೆಯಲ್ಲಿ ನಡುಗುತ್ತಿದ್ದ ಅವಳು ಪ್ರತಿ ಚಿತ್ರದಲ್ಲೂ ಮಸುಕು. ಐಎಸ್‌ಒ ಏರಿಸಿ, ಶಟರನ್ನು 1/250 ಸೆಕೆಂಡಿಗೆ ಇಟ್ಟೆ. ಅಷ್ಟರಲ್ಲಿ ಹುಡುಗ ತನ್ನ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದ. ಪೋಸು ಕೆಟ್ಟಿತು, ಆದರೂ ಕ್ಲಿಕ್ಕಿಸಿದೆ.

ಈ ಸಂಬಂಧಕ್ಕೆ ಅರೆಮನಸ್ಸಿನಿಂದ ಒಪ್ಪಿದ್ದ ಧಾರವಾಡದ ಕಾಕುಗೆ ಇಪ್ಪತ್ತು ಫೋಟೊ ಕಳಿಸಿದೆ. ಉತ್ತರ ಬಂದದ್ದು ಆ ಒಂದಕ್ಕೇ: “ಹುಡುಗಗ ಥಂಡಿ ಹತ್ತಲಿಲ್ಲೇನಪಾ? ಅವಗೂ ಒಂದು ಸ್ವೆಟರ್ ಹೆಣೀತೀನಿ, ಅಳತಿ ಕಳಸು.”