ಥೈರಾಯ್ಡ್ ಮಾತ್ರೆ: ಬದಲಿ ಬ್ರಾಂಡು ಸಲ್ಲದು

ಗ್ರಾಹಕರು ಕೇಳಿದ ಸಾಬೂನು ಇಲ್ಲದಿದ್ದಾಗ ಇನ್ನೊಂದನ್ನು ಕೊಟ್ಟು ಕಳುಹಿಸುವುದು ಗುರುವಾಯನಕೆರೆಯಂತಹ ಪೇಟೆಯಲ್ಲಿ ವ್ಯಾಪಾರದ ಜಾಣ್ಮೆ. ಥೈರಾಯ್ಡ್ ಮಾತ್ರೆಗೆ ಈ ಜಾಣ್ಮೆ ಸಲ್ಲದು.

ಥೈರಾಯ್ಡ್ ಗ್ರಂಥಿಯ ಸ್ರಾವ ಕುಂಠಿತವಾದವರು ಲೆವೊಥೈರಾಕ್ಸಿನ್ ಮಾತ್ರೆಯನ್ನು ಬಹುಮಟ್ಟಿಗೆ ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಇದರ ಪ್ರಮಾಣ 25, 50, 100 ಹೀಗೆ ಮೈಕ್ರೋಗ್ರಾಂಗಳಲ್ಲಿದ್ದು, ಅಲ್ಪ ವ್ಯತ್ಯಾಸವೂ ಕೆಲವರಲ್ಲಿ ಆಯಾಸ ಅಥವಾ ಎದೆಬಡಿತವನ್ನು ಉಂಟುಮಾಡಬಲ್ಲದು. ಎಲ್ಟ್ರಾಕ್ಸಿನ್, ಥೈರೊನಾರ್ಮ್ ಮೊದಲಾದ ಬ್ರಾಂಡುಗಳಲ್ಲಿ ಮೂಲ ಔಷಧ ಒಂದೇ ಆದರೂ ಪೂರಕ ದ್ರವ್ಯಗಳು ಭಿನ್ನವಾಗಿರಬಹುದು. ದೇಹ ಹೀರಿಕೊಳ್ಳುವ ಪ್ರಮಾಣವೂ ತುಸು ವ್ಯತ್ಯಾಸವಾಗಬಹುದು. 2017ರಲ್ಲಿ ಫ್ರಾನ್ಸಿನಲ್ಲಿ ಒಂದು ಬ್ರಾಂಡಿನ ಪೂರಕ ದ್ರವ್ಯಗಳನ್ನು ಬದಲಿಸಿದಾಗ ಸಾವಿರಾರು ರೋಗಿಗಳು ತೊಂದರೆಯ ದೂರು ನೀಡಿದರು. ಉತ್ಪನ್ನ ಬದಲಾದಾಗ ತೊಂದರೆಗೊಳಗಾಗುವವರಿಗೆ ಒಂದೇ ಉತ್ಪನ್ನವನ್ನು ಮುಂದುವರಿಸುವ ಬಗ್ಗೆ ಪರಿಶೀಲಿಸುವಂತೆ 2021ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ವೈದ್ಯರಿಗೆ ಸೂಚಿಸಿತು.

ಬದಲಾವಣೆ ಅನಿವಾರ್ಯವಾದಲ್ಲಿ ವೈದ್ಯರಿಗೆ ತಿಳಿಸಿ, 6ರಿಂದ 8 ವಾರಗಳ ಬಳಿಕ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸುವುದು ಕ್ರಮ. ಆ ಖರ್ಚು ಮತ್ತು ಕಳೆದ ದಿನದ ದುಡಿಮೆ ಗ್ರಾಹಕರ ತಲೆಯ ಮೇಲೆ ಬೀಳುತ್ತವೆ.

ಔಷಧ ವ್ಯಾಪಾರಿಗೆ ಪರಿಹಾರ ಕಷ್ಟವೇನಲ್ಲ. ದಿನಕ್ಕೊಂದು ಮಾತ್ರೆಯಂತೆ 100 ಮಾತ್ರೆಗಳ ಬಾಟಲಿ 100 ದಿನಕ್ಕೆ ಮುಗಿಯುತ್ತದೆ. ಮುಂದಿನ ಬೇಡಿಕೆಯ ದಿನ ಇಷ್ಟು ಖಚಿತವಾಗಿ ತಿಳಿದಿರುವ ಸರಕು ವಿರಳ. ಕಾಯಂ ಗ್ರಾಹಕರ ಹೆಸರು, ಬ್ರಾಂಡು, ಪ್ರಮಾಣ, ಮಾತ್ರೆ ಮುಗಿಯುವ ದಿನ ಇವನ್ನು ಪುಸ್ತಕದಲ್ಲಿ ಬರೆದಿಟ್ಟು, ವಾರ ಮುಂಚಿತವಾಗಿ ಸಗಟು ವ್ಯಾಪಾರಿಗೆ ತಿಳಿಸಿದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ದಾಸ್ತಾನಿಗೆ ತೇವ ತಾಗದಂತೆಯೂ ಎಚ್ಚರ ವಹಿಸಬೇಕು. ದಾಸ್ತಾನು ತೀರಿದ್ದರೆ ಇಲ್ಲವೆಂದು ಹೇಳಿ, ತರಿಸಿಕೊಡುವ ದಿನವನ್ನು ತಿಳಿಸುವುದೇ ಲೇಸು. ಅಂದಿನ ಒಂದು ಮಾರಾಟ ತಪ್ಪಿದರೂ ಗ್ರಾಹಕರ ನಂಬಿಕೆ ಉಳಿಯುತ್ತದೆ.