ಆಪತ್ಕಾಲದಲ್ಲಿ ಮಧ್ಯಮ ತರಂಗದ ಬಾನುಲಿ: ಬೆಳಗಾವಿ ಮತ್ತು ಖಾನಾಪುರ

ವಿಪತ್ತಿನ ವೇಳೆ ಜನರಿಗೆ ಸುದ್ದಿ ಮುಟ್ಟಿಸಲು ಮಧ್ಯಮ ತರಂಗದ ಬಾನುಲಿ, ಅಂದರೆ ಎ.ಎಂ. ರೇಡಿಯೋ, ಇನ್ನೂ ಅವಶ್ಯವೇ ಎಂಬ ಪ್ರಶ್ನೆ ಈಚೆಗೆ ಹಲವೆಡೆ ಎದ್ದಿದೆ. ಅಮೆರಿಕದಲ್ಲಿ ಕೆಲವು ತಯಾರಕರು ವಿದ್ಯುತ್ ಮೋಟಾರುಗಳಿಂದ ಅದನ್ನು ತೆಗೆದುಹಾಕಿದಾಗ, ಕಡ್ಡಾಯಗೊಳಿಸಬೇಕೆಂಬ ಮಸೂದೆಯು 2023ರಲ್ಲಿ ಅಲ್ಲಿನ ಶಾಸನಸಭೆಯ ಮುಂದೆ ಬಂದಿತು. ನಮ್ಮ ದೇಶದಲ್ಲಿಯೂ ಪ್ರಸಾರ ಭಾರತಿಯು ಹಲವು ಮಧ್ಯಮ ತರಂಗದ ಪ್ರಸಾರಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ಹೊರಳಿದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಮಟ್ಟಿಗೆ ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಭಾಗದ ಆಕಾಶವಾಣಿಯೆಂದರೆ ಧಾರವಾಡ. 1950ರ ಜನವರಿ 8ರಂದು ಆ ಕೇಂದ್ರ ಆರಂಭವಾದಾಗ ಧಾರವಾಡ, ಬೆಳಗಾವಿಗಳೆರಡೂ ಮುಂಬಯಿ ಪ್ರಾಂತದಲ್ಲಿದ್ದುವು. ಏಕೀಕರಣಕ್ಕೆ ಇನ್ನೂ ಆರು ವರ್ಷಗಳಿದ್ದುವು. 765 ಕಿಲೋಹರ್ಟ್ಸ್ ಎಂಬುದು ಅದರ ಶ್ರೋತೃಗಳಿಗೆ ಪರಿಚಿತವಾದ ಅಂಕಿ. ಆ ತರಂಗದ ಉದ್ದ ಸುಮಾರು 392 ಮೀಟರು. ಇತಿಹಾಸದ ಅಧ್ಯಾಪಕರಾದ ನಾವು ಭೌತಶಾಸ್ತ್ರಕ್ಕೆ ಕೈಹಾಕುವುದು ಉದ್ಧಟತನವೆನಿಸಬಹುದಾದರೂ, ವಾದದ ತಿರುಳು ಇಲ್ಲಿಯೇ ಇದೆ. ಇಷ್ಟು ಉದ್ದದ ತರಂಗವು ನೆಲವನ್ನು ತಬ್ಬಿಕೊಂಡು, ಏರುತಗ್ಗುಗಳನ್ನು ಬಳಸಿ ದೂರಕ್ಕೆ ಸಾಗುತ್ತದೆ. ಎಫ್.ಎಂ. ತರಂಗವು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಚಲಿಸುವುದರಿಂದ ಗುಡ್ಡದ ಮರೆಯಲ್ಲಿ ಕ್ಷೀಣಿಸುತ್ತದೆ.

ಖಾನಾಪುರದ ಪಶ್ಚಿಮಭಾಗವು ಇಂಥ ಮರೆಗಳಿಂದಲೇ ಕೂಡಿದ್ದು. ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕಾಡಿನೊಳಗಿನ ಹಳ್ಳಿಗಳು, ಇವೆಲ್ಲ ಸಹ್ಯಾದ್ರಿಯ ಮಡಿಲಲ್ಲಿವೆ. ಹಳ್ಳ ತುಂಬಿದರೆ ದಾರಿ ಕಡಿಯುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಮ್ಮೆಲೇ ಉಕ್ಕಿ ಬೆಳಗಾವಿ ಜಿಲ್ಲೆಯನ್ನು ತತ್ತರಗೊಳಿಸಿದುವು; ನಗರದ ಬಡಾವಣೆಗಳಿಗೂ ನೀರು ನುಗ್ಗಿತು. ದೂರವಾಣಿಯ ಗೋಪುರಕ್ಕೆ ಆಯಾ ಊರಲ್ಲಿಯೇ ವಿದ್ಯುತ್ತು ಬೇಕು. ಅದು ತಪ್ಪಿ ಬ್ಯಾಟರಿ, ಡೀಸೆಲ್‌ಗಳು ತೀರಿದರೆ ಗೋಪುರ ಮೂಕವಾಗುತ್ತದೆ. ಮಧ್ಯಮ ತರಂಗದ ಪ್ರಸಾರಯಂತ್ರವಾದರೋ ನೆರೆಯ ಸ್ಥಳದಿಂದ ಬಹುದೂರ ನಿಂತು ಕೆಲಸ ಮಾಡಬಲ್ಲದು. ಕೇಳುವವನಿಗೆ ಬೇಕಾದುದು ಎರಡು ಸೆಲ್ಲುಗಳ ಒಂದು ಸಣ್ಣ ರೇಡಿಯೋ ಮಾತ್ರ.

ಹಾಗೆಂದು ಇದನ್ನು ಸರ್ವರೋಗಕ್ಕೂ ಮದ್ದೆನ್ನಲಾಗದು. ಗುಡುಗುಮಿಂಚಿನ ಹೊತ್ತಿನಲ್ಲಿಯೇ, ಎಂದರೆ ಬೇಕಾದ ಹೊತ್ತಿನಲ್ಲಿಯೇ, ಈ ಪ್ರಸಾರದಲ್ಲಿ ಕರಕರ ಸದ್ದು ಹೆಚ್ಚುತ್ತದೆ. ಮಾಳಿಗೆಯೇರಿ ಕುಳಿತವನು ಇದರಿಂದ ಕೇಳಬಲ್ಲನೇ ಹೊರತು ಕೂಗಿ ಕರೆಯಲಾರನು. ಅದಕ್ಕೆ ಪೋಲೀಸರ ವೈರ್‌ಲೆಸ್, ಹವ್ಯಾಸಿಗಳ ಹ್ಯಾಮ್ ರೇಡಿಯೋಗಳೇ ಬೇಕು. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಎಚ್ಚರಿಕೆಯ ಕರೆಯನ್ನು ಮೊಳಗಿಸಿ ಪರೀಕ್ಷಿಸಿದುದು ಉಪಯುಕ್ತವೇ ಸರಿ. ಆದರೆ ಸಂಕೇತವೇ ತಲುಪದ ಕಾಡಿನಲ್ಲಿ ಅದು ಮೊಳಗದು.

ನಮ್ಮ ಮತದಲ್ಲಿ ಯಂತ್ರಕ್ಕಿಂತ ಮುಖ್ಯವಾದುದು ಮೈಕಿನ ಮುಂದಿರುವ ಮನುಷ್ಯ. ನಡುರಾತ್ರಿಯಲ್ಲಿ ದೂರದ ರಾಜಧಾನಿಯ ಸಂಗೀತವನ್ನು ಮರುಪ್ರಸಾರ ಮಾಡುತ್ತಿರುವ ಕೇಂದ್ರದಿಂದ ಯಾವ ಸೇತುವೆ ಮುಳುಗಿತೆಂಬುದು ತಿಳಿಯದು. ಖಾನಾಪುರದಲ್ಲಿ ಅದನ್ನು ಕನ್ನಡ, ಮರಾಠಿಗಳೆರಡರಲ್ಲಿಯೂ ಹೇಳಬೇಕು. ಇನ್ನು, ಕೇಳುವ ಪೆಟ್ಟಿಗೆ ಎಷ್ಟು ಮನೆಗಳಲ್ಲಿ ಉಳಿದಿದೆ? ಕಣಕುಂಬಿಯ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇದನ್ನು ಎಣಿಸುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುಂಚೆ, ಒಂದು ಬೇಸಗೆಯ ರಜೆಯಲ್ಲಿ ಮುಗಿಸಬಲ್ಲರು.